ಆನೆ ಲದ್ದಿ ಕಾಗದದ ಶೆಡ್ಡಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ ನಾವು ಕೆಲವರು ಸೇರಿ ಆನೆ ಲದ್ದಿ, ಕುದುರೆ ಲದ್ದಿ ಮತ್ತು ಹತ್ತಿ ಬಟ್ಟೆ ಚೂರಿನಿಂದ ಕೈಯಲ್ಲೇ ಕಾಗದ ಮಾಡುತ್ತೇವೆ. ನೋಡಲು ಬರುವವರು, ಫೋನ್ ಮಾಡುವ ಮೇಷ್ಟ್ರುಗಳು, ಮಕ್ಕಳ ಅಪ್ಪ ಅಮ್ಮಂದಿರು, ಸಂತೆ ಮಳಿಗೆಯಲ್ಲಿ ನಿಂತು ಹಾಳೆ ಮೂಸಿ ನೋಡುವವರು ಕೇಳುವ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೆಂದದ ನೋಟ್‌ಬುಕ್ ನೋಡಲು ಅಂಗಡಿಗೆ ಹೋದರೆ ಸಾಕು. ಶೆಡ್ಡಿಗೆ ಬಂದ ಮೇಲೆ ಲದ್ದಿ ತೊಳೆಯುವ ಜಾಗ ನೋಡಿ, ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಈ ಕಾಗದ ಪರಿಸರಕ್ಕೆ ಒಳ್ಳೆಯದೋ ಅಲ್ಲವೋ ಅನ್ನೋದು ಅಲ್ಲೇ ತೀರ್ಮಾನ ಆಗುತ್ತದೆ.

## ಬರುವ ಮುಂಚೆ

ತುಂಬಾ ವಾಸನೆ ಬರುತ್ತಾ? ಮೂಗು ಮುಚ್ಕೊಂಡೇ ನಿಲ್ಲಬೇಕಾ?

ಬೇಕಿಲ್ಲ. ಆನೆ ತಿನ್ನೋದು ಹುಲ್ಲು, ಸೊಪ್ಪು, ತೊಗಟೆ. ಹಸಿ ಲದ್ದಿಗೆ ಕೊಟ್ಟಿಗೆ ಪಕ್ಕ ನಿಂತಷ್ಟು ವಾಸನೆ ಇರುತ್ತದೆ, ಅಷ್ಟೆ. ಒಣಗಿದ ಮೇಲೆ ಒಣಹುಲ್ಲಿನ ವಾಸನೆ. ನಿಜವಾಗಿ ಕಷ್ಟ ಆಗೋದು ಬೇಯಿಸುವ ಹೊತ್ತಲ್ಲಿ: ಹಂಡೆಯ ಆವಿಯಲ್ಲಿ ವಾಷಿಂಗ್ ಸೋಡಾದ ಘಾಟು ಇರುತ್ತದೆ. ಉಬ್ಬಸ ಇರುವವರು ಫೋನ್ ಮಾಡಿ ಕೇಳಿ, ಬೇಯಿಸದ ದಿನ ಬನ್ನಿ. ಮುಗಿದ ಹಾಳೆಯಲ್ಲಿ ಯಾವ ವಾಸನೆಯೂ ಇರೋದಿಲ್ಲ.

ಯಾವ ತಿಂಗಳಲ್ಲಿ ಬಂದ್ರೆ ಚೆನ್ನಾಗಿರುತ್ತೆ?

ಜನವರಿಯಿಂದ ಮೇ ತನಕ. ಬಿಸಿಲು ಚೆನ್ನಾಗಿದ್ದರೆ, ನಾರು ಕದಡಿದ ನೀರಿನ ತೊಟ್ಟಿಯಿಂದ ಎತ್ತಿದ ಹಾಳೆ ಅದೇ ದಿನ ಒಣಗಿ ಕೈಗೆ ಬರುತ್ತದೆ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಎರಡು ಮೂರು ದಿನ ಹಿಡಿಯುತ್ತದೆ. ದಸರಾ ಸಮಯದಲ್ಲಿ ಊರೆಲ್ಲ ಜನ. ಆಗ ಬಂದರೆ ನಮಗೂ ವಿವರಿಸಲು ಪುರುಸೊತ್ತು ಕಡಿಮೆ. ಬೆಳಿಗ್ಗೆ ಬಂದರೆ ಎಲ್ಲ ಹಂತವೂ ನೋಡಲು ಸಿಗುತ್ತದೆ. ಅರ್ಧ ದಿನ ಇಟ್ಟುಕೊಳ್ಳಿ.

ಚಿಕ್ಕ ಮಕ್ಕಳನ್ನ ಕರ್ಕೊಂಡು ಬರಬಹುದಾ? ಮುಟ್ಟಿದ್ರೆ ಏನಾದ್ರೂ ಆಗುತ್ತಾ?

ಕರೆದುಕೊಂಡು ಬನ್ನಿ, ಮಕ್ಕಳಿಗೆ ನಮಗಿಂತ ಜಾಸ್ತಿ ಇಷ್ಟ ಆಗುತ್ತದೆ. ನಿಯಮ ಒಂದೇ. ಹಸಿ ಲದ್ದಿ ಇರುವ ಜಾಗದಲ್ಲಿ ಮಕ್ಕಳು ನೋಡಬಹುದು, ಮುಟ್ಟುವಂತಿಲ್ಲ. ಯಾವ ಪ್ರಾಣಿಯ ಲದ್ದಿಯಲ್ಲಾದರೂ ಜಂತುವಿನ ಮೊಟ್ಟೆ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಗಂಟೆಗಟ್ಟಲೆ ಕುದಿಸಿ, ತೊಳೆದು ತೊಟ್ಟಿಗೆ ಬಂದ ಪಲ್ಪಿನಲ್ಲಿ, ಅಂದರೆ ಜಜ್ಜಿದ ನಾರಿನ ಮುದ್ದೆಯಲ್ಲಿ, ಆ ಭಯ ಇಲ್ಲ, ಅಲ್ಲಿ ಎರಡೂ ಕೈ ಮುಳುಗಿಸಲಿ. ಹೊರಡುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ಹಳೆ ಬಟ್ಟೆ, ಜಾರದ ಚಪ್ಪಲಿ ಹಾಕಿಸಿ. ನೆಲ ಸದಾ ಒದ್ದೆ.

ಅಲ್ಲಿ ಆನೆ ಇರುತ್ತಾ?

ಇಲ್ಲ. ನಮ್ಮಲ್ಲಿ ಲದ್ದಿ ಮಾತ್ರ. ಆನೆ ನೋಡಬೇಕಿದ್ದರೆ 1892ರಲ್ಲಿ ಶುರುವಾದ ನಮ್ಮ ಚಾಮರಾಜೇಂದ್ರ ಮೃಗಾಲಯ ಇದೆ. ದಸರಾ ಮುಂಚಿನ ವಾರಗಳಲ್ಲಿ ಅರಮನೆ ಆವರಣದಲ್ಲಿ ಗಜಪಡೆ ಬೀಡು ಬಿಟ್ಟಿರುತ್ತದೆ. ಮೊದಲು ಅಲ್ಲಿ ಆನೆ ಊಟ ಮಾಡೋದು ನೋಡಿ ಆಮೇಲೆ ಶೆಡ್ಡಿಗೆ ಬಂದರೆ ಇಲ್ಲಿನ ಕೆಲಸ ಬೇಗ ಅರ್ಥ ಆಗುತ್ತದೆ.

## ಲದ್ದಿಯ ವಿಚಾರ

ಲದ್ದಿಯಿಂದ ಕಾಗದ ಆಗೋದು ಹೇಗೆ ಸಾಧ್ಯ ಸ್ವಾಮಿ?

ಕಾಗದ ಅಂದರೆ ಗಿಡದ ನಾರು. ಮರದಿಂದ ಬರಲಿ, ಹತ್ತಿಯಿಂದ ಬರಲಿ, ಕಬ್ಬಿನ ಸಿಪ್ಪೆಯಿಂದ ಬರಲಿ, ನಾರಿನಲ್ಲಿರುವ ಸೆಲ್ಯುಲೋಸ್ ನೀರಲ್ಲಿ ನೆನೆದು, ಜಜ್ಜಿ, ಒಂದರ ಮೇಲೊಂದು ಕೂತು ಒಣಗಿದಾಗ ತಾನಾಗೇ ಅಂಟಿಕೊಳ್ಳುತ್ತದೆ. ಅಂಟು ಹಾಕಲೇಬೇಕು ಅಂತಿಲ್ಲ.

ದೊಡ್ಡ ಆನೆ ದಿನಕ್ಕೆ 100ರಿಂದ 200 ಕೆಜಿ ಮೇವು ತಿನ್ನುತ್ತದೆ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಜೀರ್ಣ ಆಗುತ್ತದೆ. ಉಳಿದದ್ದು ನಾರಾಗಿಯೇ ಹೊರಗೆ ಬರುತ್ತದೆ. ಕಾಗದದ ಮಿಲ್ಲಿನಲ್ಲಿ ಮರವನ್ನು ಚಕ್ಕೆ ಮಾಡಿ ಮೆದು ಮಾಡಲು ಯಂತ್ರ, ರಾಸಾಯನಿಕ ಎಲ್ಲ ಬೇಕು. ಇಲ್ಲಿ ಆ ಕೆಲಸದ ಒಂದು ಪಾಲನ್ನು ಆನೆಯ ದವಡೆ ಹಲ್ಲು ಮತ್ತು ಹೊಟ್ಟೆಯೇ ಮುಗಿಸಿರುತ್ತವೆ.

ಒಣಗಿದ ಒಂದು ಉಂಡೆ ಒಡೆದು ನೋಡಿ. ಬಿದಿರಿನ ಸೀಳು, ಹುಲ್ಲಿನ ಕಡ್ಡಿ, ತೊಗಟೆಯ ಉದ್ದ ಎಳೆ ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಎಳೆ ತುಂಬಾ ಉದ್ದ ಇದ್ದರೆ ಆ ಆನೆಗೆ ವಯಸ್ಸಾಗಿದೆ, ಹಲ್ಲು ಸವೆದಿದೆ ಅಂತ ಊಹೆ ಮಾಡಬಹುದು. ಆನೆಗೆ ಜೀವಮಾನದಲ್ಲಿ ಆರು ಜೊತೆ ದವಡೆ ಹಲ್ಲು ಬರುತ್ತವೆ. ಕೊನೆಯದೂ ಸವೆದರೆ ಮೇವು ಅರೆಯಲು ಆಗೋದಿಲ್ಲ. ಅದಕ್ಕೇ ಮಾವುತರು, ಪಶುವೈದ್ಯರು ದಿನಾ ಲದ್ದಿ ನೋಡೋದು.

ನಮ್ಮ ಮಂಡ್ಯದಲ್ಲಿ ಹಸು ಎಮ್ಮೆ ಸಗಣಿ ಬೇಕಾದಷ್ಟಿದೆ. ಅದ್ರಲ್ಲಿ ಯಾಕೆ ಮಾಡಲ್ಲ?

ಮಾಡಬಹುದು. ಜೈಪುರದ ಸಾಂಗಾನೇರಿನಲ್ಲಿರುವ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ ಸಗಣಿ ಕಾಗದ ಮಾಡಿ ತೋರಿಸಿದೆ. ಆದರೆ ಹಸು ಮೆಲುಕು ಹಾಕುವ ಪ್ರಾಣಿ. ತಿಂದದ್ದನ್ನು ಮತ್ತೆ ಬಾಯಿಗೆ ತಂದು ಅರೆಯುತ್ತದೆ, ನಾಲ್ಕು ಕೋಣೆಯ ಹೊಟ್ಟೆಯಲ್ಲಿ ನಿಧಾನವಾಗಿ ಜೀರ್ಣ ಮಾಡಿಕೊಳ್ಳುತ್ತದೆ. ಹೊರಗೆ ಬರುವ ನಾರು ಗಿಡ್ಡ, ನುಣುಪು. ಬರೀ ಅದರಿಂದ ಎತ್ತಿದ ಹಾಳೆ ಮಡಚಿದರೆ ಮುರಿಯುತ್ತದೆ. ಹತ್ತಿ ನಾರು ಜಾಸ್ತಿ ಬೆರೆಸಬೇಕು.

ಆನೆ, ಕುದುರೆ, ಘೇಂಡಾಮೃಗ ಮೆಲುಕು ಹಾಕೋದಿಲ್ಲ. ಹಾಗಾಗಿ ಅವುಗಳ ಲದ್ದಿಯಲ್ಲಿ ನಾರು ಉದ್ದ ಉಳಿಯುತ್ತದೆ. ಅಸ್ಸಾಮಿನಲ್ಲಿ ಘೇಂಡಾಮೃಗದ ಲದ್ದಿಯಿಂದಲೂ ಕಾಗದ ಮಾಡುತ್ತಾರೆ. ಮೈಸೂರಿನಲ್ಲಿ ಟಾಂಗಾ ಕುದುರೆ, ರೇಸ್ ಕುದುರೆ, ಪೊಲೀಸ್ ಕುದುರೆ ಎಲ್ಲ ಇರುವುದರಿಂದ ಕುದುರೆ ಲದ್ದಿ ನಮಗೆ ಒಳ್ಳೆಯ ಆಸರೆ.

ಇನ್ನೊಂದು ಮಾತು. ಹಳ್ಳಿಯಲ್ಲಿ ಸಗಣಿಗೆ ಆಗಲೇ ಕೆಲಸ ಇದೆ: ತಿಪ್ಪೆಗೆ, ಗದ್ದೆಗೆ, ಗೋಬರ್ ಗ್ಯಾಸಿಗೆ. ಗೊಬ್ಬರವಾಗಿ ಹೊಲಕ್ಕೆ ಹೋಗುವುದನ್ನು ತಪ್ಪಿಸಿ ಕಾಗದ ಮಾಡೋದು ನನಗೆ ಸರಿ ಕಾಣೋದಿಲ್ಲ.

ಲದ್ದಿ ಎಲ್ಲಿಂದ ತರ್ತೀರಿ? ನಮ್ಮ ತೋಟದ ಹತ್ರ ಕಾಡಾನೆ ಬರುತ್ತೆ, ತಂದುಕೊಡ್ಲಾ?

ದಯವಿಟ್ಟು ತರಬೇಡಿ. ಸಾಕಿದ ಪ್ರಾಣಿಗಳ ಲದ್ದಿಯನ್ನು ಮಾತ್ರ, ಅದನ್ನು ನೋಡಿಕೊಳ್ಳುವವರ ಒಪ್ಪಿಗೆ ಪಡೆದು ತರುತ್ತೇವೆ. ನಾಗರಹೊಳೆ, ಬಂಡೀಪುರದಂಥ ಕಾಡಿನೊಳಗೆ ಅಪ್ಪಣೆ ಇಲ್ಲದೆ ಕಾಲಿಡುವುದೇ ಅಪರಾಧ. ತೋಟದ ಅಂಚಿನಲ್ಲಿ ಲದ್ದಿ ಬಿಸಿ ಇದ್ದರೆ ಆನೆ ಇನ್ನೂ ಹತ್ತಿರದಲ್ಲೇ ಇದೆ ಅಂತ ಅರ್ಥ. ಅಲ್ಲಿಂದ ಮೊದಲು ದೂರ ಹೋಗಿ.

ಕಾಡಿನಲ್ಲಿ ಬಿದ್ದ ಲದ್ದಿ ಕಸವೂ ಅಲ್ಲ. ಅದರೊಳಗೆ ಮರದ ಬೀಜ ಇರುತ್ತದೆ, ಆನೆ ಅದನ್ನು ಕಿಲೋಮೀಟರುಗಟ್ಟಲೆ ದೂರ ಒಯ್ದು ಬಿತ್ತುತ್ತದೆ. ಸಗಣಿ ಹುಳು ಅದನ್ನು ಉಂಡೆ ಮಾಡಿ ಮಣ್ಣಿಗೆ ಸೇರಿಸುತ್ತದೆ. ಊರೊಳಗೆ ಕಟ್ಟಿ ಸಾಕಿದ ಆನೆಯ ಲದ್ದಿ ಮಾತ್ರ ಒಂದೇ ಕಡೆ ರಾಶಿ ಬಿದ್ದು ತಲೆನೋವಾಗುತ್ತದೆ. ನಮಗೆ ಬೇಕಿರೋದು ಅದು. ಔಷಧಿ ಕೊಡುತ್ತಿರುವ ಪ್ರಾಣಿಯ ಲದ್ದಿಯನ್ನೂ ನಾವು ತರೋದಿಲ್ಲ.

ಇದು ಮೊದಲು ಎಲ್ಲಿ ಶುರುವಾಗಿದ್ದು?

ಶ್ರೀಲಂಕಾದಲ್ಲಿ ಮ್ಯಾಕ್ಸಿಮಸ್ ಅನ್ನುವ ಸಂಸ್ಥೆ 1997ರಲ್ಲಿ ಇದನ್ನು ವ್ಯಾಪಾರವಾಗಿ ಶುರು ಮಾಡಿತು. ನಮ್ಮ ದೇಶದಲ್ಲಿ ಹೆಸರು ಮಾಡಿದ್ದು 2003ರಲ್ಲಿ ಜೈಪುರದಲ್ಲಿ ಶುರುವಾದ ಹಾಥಿ ಛಾಪ್ ಅನ್ನುವ ಬ್ರ್ಯಾಂಡ್. ಸಾಂಗಾನೇರಿನಲ್ಲಿ ಕೈಕಾಗದದ ಕಸುಬು ತಲೆಮಾರುಗಳಿಂದ ಇತ್ತು, ಜೈಪುರದ ಆಮೇರ್ ಕೋಟೆಯಲ್ಲಿ ಆನೆಗಳೂ ಇದ್ದವು. ಎರಡೂ ಒಂದೇ ಊರಲ್ಲಿ ಸಿಕ್ಕಿದ್ದು ಅನುಕೂಲ ಆಯಿತು.

## ತೊಟ್ಟಿಯಿಂದ ಹಾಳೆವರೆಗೆ

ಶುರುವಿಂದ ಕೊನೆವರೆಗೆ ಏನೇನು ನಡೆಯುತ್ತೆ? ನಾವೂ ಒಂದು ಹಾಳೆ ಮಾಡಬಹುದಾ?

ಮಾಡಬಹುದು, ಮಾಡಿಯೇ ಹೋಗಿ.

ಮೊದಲು ಉಂಡೆ ಒಡೆದು ಬಿಸಿಲಿಗೆ ಹರಡುತ್ತೇವೆ. ಕಲ್ಲು, ಬೀಜ, ದಪ್ಪ ಕಡ್ಡಿ ಆರಿಸಿ ತೆಗೆಯಬೇಕು. ಆಮೇಲೆ ನೀರಲ್ಲಿ ನೆನೆಹಾಕಿ, ಜಾಲರಿಯಲ್ಲಿ ಸೋಸಿ, ಮತ್ತೆ ನೀರು, ಮತ್ತೆ ಸೋಸುವುದು. ಮೊದಲ ನೀರು ಕಡು ಹಸಿರು ಮಿಶ್ರಿತ ಕಂದು. ಅದು ತಿಳಿಯಾಗುವ ತನಕ ಬಿಡುವಂತಿಲ್ಲ. ಇಲ್ಲಿ ಅವಸರ ಮಾಡಿದರೆ ಹಾಳೆಯಲ್ಲಿ ಮಣ್ಣಿನ ಚುಕ್ಕೆ ಉಳಿಯುತ್ತದೆ. ಉಳಿದ ನಾರನ್ನು ವಾಷಿಂಗ್ ಸೋಡಾ ಹಾಕಿ ನಾಲ್ಕೈದು ಗಂಟೆ ಕುದಿಸುತ್ತೇವೆ. ರೋಗಾಣು ಸಾಯುತ್ತವೆ, ನಾರು ಮೆತ್ತಗಾಗುತ್ತದೆ. ಮತ್ತೆ ತೊಳೆದು, ಹತ್ತಿ ಬಟ್ಟೆ ಚೂರಿನ ಜೊತೆ ಬೀಟರ್ ಯಂತ್ರಕ್ಕೆ. ಬೀಟರ್ ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತದೆ, ಎಳೆಯ ಮೈ ಬಿಡಿಸಿ ನವಿರು ಮಾಡುತ್ತದೆ. ಚೆನ್ನಾಗಿ ಜಜ್ಜಿದಷ್ಟೂ ಹಾಳೆ ಗಟ್ಟಿ.

ಈ ಪಲ್ಪನ್ನು ತೊಟ್ಟಿಯ ನೀರಿಗೆ ಹಾಕಿ ಕದಡಿದರೆ ತೆಳ್ಳನೆ ರಾಗಿ ಅಂಬಲಿಯ ಹದ. ಇನ್ನು ನಿಮ್ಮ ಸರದಿ. ಜಾಲರಿ ಹೊಡೆದ ಮರದ ಚೌಕಟ್ಟನ್ನು ನೆಟ್ಟಗೆ ಹಿಡಿದು ತೊಟ್ಟಿಯ ಆಚೆ ಬದಿಯಲ್ಲಿ ಮುಳುಗಿಸಿ. ನೀರಿನೊಳಗೇ ಮಟ್ಟಸ ಮಾಡಿ. ಒಂದೇ ಸಮನೆ ಮೇಲೆತ್ತಿ. ಎತ್ತಿದ ಕೂಡಲೇ ಹಿಂದೆ ಮುಂದೆ, ಆಮೇಲೆ ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಬೇಕು. ಆಗ ಎಳೆಗಳು ಒಂದಕ್ಕೊಂದು ಅಡ್ಡ ಕೂರುತ್ತವೆ. ನೀರು ಸುರಿದು ಹೋಗುತ್ತಿರುವಾಗ ಹಾಳೆಯ ಮೇಲ್ಮೈ ನೋಡುತ್ತಿರಿ. ಮೊದಲು ಹೊಳೆಯುತ್ತಿರುತ್ತದೆ. ಒಂದು ಗಳಿಗೆಯಲ್ಲಿ ಆ ಹೊಳಪು ಒಂದು ಮೂಲೆಯಿಂದ ಮಾಯ ಆಗುತ್ತಾ ಬಂದು ಇಡೀ ಹಾಳೆ ಮಂಕಾಗುತ್ತದೆ. ಆಗ ಅಲುಗಿಸುವುದು ನಿಲ್ಲಿಸಿ. ಇನ್ನೂ ಅಲುಗಿಸಿದರೆ ಕೂತ ನಾರು ಬಿರಿಯುತ್ತದೆ.

ಆಮೇಲೆ ಒದ್ದೆ ಬಟ್ಟೆಯ ಮೇಲೆ ಚೌಕಟ್ಟನ್ನು ಮಗುಚಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತಿ ಎತ್ತಿದರೆ ಹಾಳೆ ಬಟ್ಟೆಗೆ ಅಂಟಿಕೊಂಡು ಉಳಿಯುತ್ತದೆ. ಬಟ್ಟೆ, ಹಾಳೆ, ಬಟ್ಟೆ, ಹಾಳೆ ಹೀಗೆ ಪೇರಿಸಿ ಸ್ಕ್ರೂ ಪ್ರೆಸ್ಸಿನಲ್ಲಿ ಹಿಂಡುತ್ತೇವೆ. ಒಣಗಿದ ಮೇಲೆ ಗಂಜಿ ಸವರಿ, ಮತ್ತೆ ಒಣಗಿಸಿ, ರೋಲರ್ ನಡುವೆ ಹಾಯಿಸಿ ನಯ ಮಾಡಿ, ಅಂಚು ಕತ್ತರಿಸುತ್ತೇವೆ. ನೀವು ಎತ್ತಿದ ಹಾಳೆ ಅದೇ ದಿನ ಒಣಗದಿದ್ದರೆ ಅಂಚೆಯಲ್ಲಿ ಕಳಿಸುತ್ತೇವೆ.

ಪೂರ್ತಿ ಲದ್ದೀನೇನಾ, ಅಥವಾ ಬೇರೆ ಏನಾದ್ರೂ ಸೇರಿಸ್ತೀರಾ?

ಸೇರಿಸುತ್ತೇವೆ. ಬರೀ ಲದ್ದಿಯ ಹಾಳೆ ಒರಟು, ಬೇಗ ಹರಿಯುತ್ತದೆ. ಗಾರ್ಮೆಂಟ್ಸಿನಲ್ಲಿ ಉಳಿದ ಹತ್ತಿ ಚೂರು, ಬನಿಯನ್ ಬಟ್ಟೆ ಬೆರೆಸುತ್ತೇವೆ. ಪಾಲಿಯೆಸ್ಟರ್ ಸೇರಿದ ಬಟ್ಟೆ ಆಗೋದಿಲ್ಲ, ಅದು ನೀರಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಹತ್ತಿ ಎಷ್ಟು ಗಟ್ಟಿ ಅನ್ನೋದಕ್ಕೆ ನಿಮ್ಮ ಜೇಬಿನಲ್ಲೇ ಸಾಕ್ಷಿ ಇದೆ. ನಮ್ಮ ನೋಟಿನ ಕಾಗದ ಹತ್ತಿಯದ್ದು. ಆ ಕಾಗದ ತಯಾರಿಸುವ ಕಾರ್ಖಾನೆ ಮೈಸೂರಿನಲ್ಲೇ ಇದೆ, ನೋಟು ಮುದ್ರಿಸುವ ಘಟಕವೂ ಇಲ್ಲೇ.

ಒಂದು ಆನೆಯ ಒಂದು ದಿನದ ಲದ್ದಿಯಿಂದ ಎಷ್ಟು ಹಾಳೆ ಆಗಬಹುದು?

ಲೆಕ್ಕ ಹಾಕೋಣ. ದೊಡ್ಡ ಆನೆ ದಿನಕ್ಕೆ ಹತ್ತಿರ ಹತ್ತಿರ 100 ಕೆಜಿ ಲದ್ದಿ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಒಣಗಿಸಿದರೆ 20 ಕೆಜಿ ಆಚೀಚೆ. ತೊಳೆದು ಬೇಯಿಸಿದ ಮೇಲೆ ಅದರಲ್ಲೂ ಅರ್ಧ ಹೋಯಿತು ಅಂತಿಟ್ಟುಕೊಳ್ಳಿ, 10 ಕೆಜಿ ನಾರು ಉಳಿಯಿತು. 120 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಹಾಳೆ 120 ಗ್ರಾಂ) ದಪ್ಪದ ಒಂದು ಎ4 ಹಾಳೆ ಏಳೂವರೆ ಗ್ರಾಂ ತೂಗುತ್ತದೆ. ಅಲ್ಲಿಗೆ 1,300 ಹಾಳೆ. ಹತ್ತಿ ಬೆರೆಸಿದರೆ ಇನ್ನೂ ಜಾಸ್ತಿ.

ಅಂದರೆ ಒಂದೇ ಆನೆ ನಮ್ಮ ಶೆಡ್ಡಿಗೆ ಹೊರಲಾರದಷ್ಟು ಕಚ್ಚಾ ಮಾಲು ಕೊಡುತ್ತದೆ. ಲದ್ದಿಗೆ ಬರ ಇಲ್ಲ. ಕೊರತೆ ಇರೋದು ಕೈಗೆ, ನೀರಿಗೆ, ಬಿಸಿಲಿಗೆ.

ಒಂದೊಂದು ಹಾಳೆ ಒಂದೊಂದು ಬಣ್ಣ ಯಾಕೆ?

ಆನೆ ತಿಂದ ಮೇವಿನಿಂದ. ಕಬ್ಬಿನ ಸೋಗೆ, ಹುಲ್ಲು ತಿಂದರೆ ತಿಳಿ ಬಣ್ಣ. ಆಲದ ಸೊಪ್ಪು, ತೊಗಟೆ ತಿಂದರೆ ಕಂದು. ನಾವು ಬಿಳುಪು ಮಾಡುವುದಿಲ್ಲ.

## ಕೊಳ್ಳುವುದು, ಬಳಸುವುದು

ಪೆನ್ನಲ್ಲಿ ಬರೆದ್ರೆ ಇಂಕು ಹರಡುತ್ತಾ? ಪ್ರಿಂಟರ್‌ಗೆ ಹಾಕಬಹುದಾ?

ಗಂಜಿ ಸವರಿದ ಹಾಳೆಯಲ್ಲಿ ಬಾಲ್‌ಪೆನ್, ಪೆನ್ಸಿಲ್, ಜೆಲ್ ಪೆನ್ ಚೆನ್ನಾಗಿ ಓಡುತ್ತವೆ. ಇಂಕ್ ಪೆನ್ನಾದರೆ ಮೂಲೆಯಲ್ಲಿ ಒಂದು ಗೀಟು ಹಾಕಿ ನೋಡಿ. ಜಲವರ್ಣಕ್ಕೂ ಒಗ್ಗುತ್ತದೆ. ಮನೆಯ ಪ್ರಿಂಟರಿಗೆ ಹಾಕಬೇಡಿ. ದಪ್ಪ ಒಂದೇ ಸಮ ಇರೋದಿಲ್ಲ, ಎದ್ದ ಎಳೆ ಒಳಗೆ ಸಿಕ್ಕಿಕೊಳ್ಳುತ್ತದೆ. ಅಚ್ಚು ಹಾಕಿಸುವುದಿದ್ದರೆ ಸ್ಕ್ರೀನ್ ಪ್ರಿಂಟಿಂಗ್ ಒಳ್ಳೆಯದು.

ಮದುವೆ ಕಾಗದ ಇದ್ರಲ್ಲಿ ಮಾಡಿಸಬಹುದಾ? ಮನೇಲಿ ಹಿರಿಯರು ಏನಂತಾರೋ.

ಮಾಡಿಸುವವರು ಇದ್ದಾರೆ. ನಮ್ಮಲ್ಲಿ ಸಗಣಿಯ ಬೆನಕ ಮಾಡಿ, ಗರಿಕೆ ಸಿಕ್ಕಿಸಿ ಪೂಜೆ ಮಾಡುತ್ತೇವೆ, ಅಂಗಳ ಸಾರಿಸುತ್ತೇವೆ. ದಸರಾ ಆನೆ ಹಾದುಹೋದ ಮೇಲೆ ಲದ್ದಿ ತುಳಿದರೆ ಒಳ್ಳೆಯದು ಅಂತ ಮಕ್ಕಳನ್ನು ಇಳಿಸುತ್ತಿದ್ದ ಅಜ್ಜಿಯರನ್ನು ಮೈಸೂರಿನವರು ನೋಡಿಯೇ ಇರುತ್ತಾರೆ. ಆದರೂ ಅವರವರ ಮನೆಯ ಭಾವನೆ ಅವರದ್ದು. ಹಿರಿಯರಿಗೆ ಮೊದಲೇ ಹೇಳಿ, ಒಂದು ಹಾಳೆ ಅವರ ಕೈಗೆ ಕೊಡಿ. ಮುಚ್ಚಿಟ್ಟು ಅಚ್ಚು ಹಾಕಿಸಿ, ಆಮೇಲೆ ಹೇಳೋದು ಬೇಡ. ಕಾರ್ಡಿನ ಹಿಂದೆ ಯಾವ ಕಾಗದ ಅಂತ ಒಂದು ಸಾಲು ಬರೆಸಿ, ತಗೊಂಡವರಿಗೂ ಗೊತ್ತಿರಲಿ.

ಹುಳ ಹಿಡಿಯುತ್ತಾ? ಎಷ್ಟು ವರ್ಷ ಬಾಳಿಕೆ?

ಒಣ ಜಾಗದಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. ತೇವ ತಾಗಿದರೆ ಬೂಷ್ಟು ಬರುತ್ತದೆ, ಗಂಜಿ ಇರುವುದರಿಂದ ಹುಳಕ್ಕೂ ರುಚಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಗಾಳಿಗೆ ಹರಡಿ. ನಾರಿನಲ್ಲಿ ಲಿಗ್ನಿನ್ (ಗಿಡದ ನಾರನ್ನು ಬಿಗಿಯಾಗಿಡುವ ವಸ್ತು) ಉಳಿದಿರುವ ಕಾರಣ ಬಿಸಿಲಲ್ಲಿಟ್ಟರೆ ಬಣ್ಣ ಕಂದಾಗುತ್ತದೆ. ದಾಖಲೆ ಪತ್ರಕ್ಕೆ ಇದನ್ನು ಬಳಸಬೇಡಿ.

ಅಂಗಡಿ ನೋಟ್‌ಬುಕ್‌ಗಿಂತ ಇಷ್ಟೊಂದು ರೇಟು ಯಾಕೆ? ಲದ್ದಿ ಫ್ರೀ ತಾನೇ?

ಲದ್ದಿ ಅಗ್ಗ, ಕೂಲಿ ಅಗ್ಗ ಅಲ್ಲ, ಆಗಲೂಬಾರದು. ಒಂದೊಂದು ಹಾಳೆಯನ್ನೂ ಒಬ್ಬರು ಎತ್ತಬೇಕು, ಮಗುಚಬೇಕು, ಬಿಡಿಸಬೇಕು, ಒಣಹಾಕಬೇಕು. ದಿನವಿಡೀ ನೀರಲ್ಲಿ ಕೈ ಇಟ್ಟು ನಿಲ್ಲುವ ಕೆಲಸ ಇದು. ಬೆನ್ನು, ಭುಜ ಎರಡೂ ನೋಯುತ್ತವೆ. ಚೌಕಾಸಿ ಮಾಡುವ ಮುಂಚೆ ಹತ್ತು ಹಾಳೆ ಎತ್ತಿ ನೋಡಿ ಅಂತ ನಿಜವಾಗಿಯೂ ಕೇಳಿಕೊಳ್ಳುತ್ತೇನೆ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಸೋಡಾ ಹಾಕಿ ಬೇಯಿಸ್ತೀರಿ, ಅಷ್ಟೊಂದು ನೀರು ಸುರೀತೀರಿ. ಪರಿಸರಸ್ನೇಹಿ ಅಂತ ಹೇಗೆ ಹೇಳ್ತೀರಿ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಲದ್ದಿ ಅಂದ ಮಾತ್ರಕ್ಕೆ ಕಾಗದ ಶುದ್ಧ ಆಗಿಬಿಡೋದಿಲ್ಲ. ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಕ್ಲೋರಿನ್ ಹಾಕಿ ಬೆಳ್ಳಗೆ ಮಾಡಿ, ಆ ನೀರನ್ನು ಚರಂಡಿಗೆ ಬಿಟ್ಟರೆ ಅದು ಕೊಳಕು ಕೆಲಸವೇ.

ಮೊದಲ ತೊಳೆತದ ನೀರಿನಲ್ಲಿ ರಾಸಾಯನಿಕ ಇಲ್ಲ, ಗೊಬ್ಬರದ ಸಾರ ಇದೆ. ಅದು ಬಾಳೆ ಗಿಡಕ್ಕೆ ಹೋಗುತ್ತದೆ. ಕೊನೆಯ ತೊಳೆತದ ತಿಳಿ ನೀರನ್ನು ಹಿಡಿದಿಟ್ಟು ಮಾರನೇ ದಿನದ ಮೊದಲ ತೊಳೆತಕ್ಕೆ ಬಳಸುತ್ತೇವೆ. ತೊಟ್ಟಿಯ ನೀರೂ ಪ್ರೆಸ್ಸಿನಿಂದ ಹಿಂಡಿದ ನೀರೂ ವಾಪಸ್ ತೊಟ್ಟಿಗೇ ಬರುತ್ತದೆ.

ಕಷ್ಟದ್ದು ಬೇಯಿಸಿದ ಕಪ್ಪು ನೀರು. ಅದರಲ್ಲಿ ಸೋಡಿಯಂ ಇರುತ್ತದೆ. ಮಂಡ್ಯದ ನಾಲೆ ಬಯಲಿನ ರೈತರಿಗೆ ಚೌಳು ಭೂಮಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಮಣ್ಣಿನಲ್ಲಿ ಸೋಡಿಯಂ ಸೇರುತ್ತಾ ಹೋದರೆ ನೀರು ಇಂಗೋದಿಲ್ಲ, ಬೆಳೆ ಏಳೋದಿಲ್ಲ. ಹಾಗಾಗಿ ಆ ನೀರನ್ನು ತಿಳಿಮಾಡಿ ಗಿಡಕ್ಕೆ ಬಿಟ್ಟರಾಯಿತು ಅನ್ನುವ ಮಾತನ್ನು ಒಪ್ಪಬೇಡಿ. ನಾವು ಸೋಡಾ ಕಡಿಮೆ ಹಾಕಿ ಜಾಸ್ತಿ ಹೊತ್ತು ಬೇಯಿಸುತ್ತೇವೆ. ಉಳಿದ ಕಪ್ಪು ನೀರನ್ನು ಕಾಂಕ್ರೀಟು ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟು ಆರಿಸುತ್ತೇವೆ. ಜಾಸ್ತಿ ಹೊತ್ತು ಬೇಯಿಸಲು ಉರಿ ಜಾಸ್ತಿ ಬೇಕು. ಒಲೆಗೆ ತೆಂಗಿನ ಮಟ್ಟೆ, ಚಿಪ್ಪು ಹಾಕುತ್ತೇವೆ, ಹೊಗೆ ಇದ್ದೇ ಇದೆ. ಯಾವ ಶೆಡ್ಡಿಗೆ ಹೋದರೂ ಕಪ್ಪು ನೀರಿನ ತೊಟ್ಟಿ ತೋರಿಸಿ ಅಂತ ಕೇಳಿ.

ಇದರಿಂದ ಎಷ್ಟು ಮರ ಉಳಿಯುತ್ತೆ?

ಇಷ್ಟು ಅಂತ ಬೋರ್ಡು ಬರೆಸಿ ನಾವು ಹಾಕೋದಿಲ್ಲ. ನಮ್ಮ ದೇಶದ ಕಾಗದದಲ್ಲಿ ದೊಡ್ಡ ಪಾಲು ರದ್ದಿಯಿಂದ ಬರುತ್ತದೆ. ಉಳಿದದ್ದು ಬೆಳೆಸಿ ಕಡಿಯುವ ನೀಲಗಿರಿ, ಸುಬಾಬುಲ್, ಸರ್ವೆ ಮರದಿಂದ ಮತ್ತು ಕಬ್ಬಿನ ಸಿಪ್ಪೆಯಂಥ ಕೃಷಿ ಉಳಿಕೆಯಿಂದ. ನಮ್ಮ ಶೆಡ್ಡು ಆ ಲೆಕ್ಕದಲ್ಲಿ ಕಾಣುವಷ್ಟು ದೊಡ್ಡದಲ್ಲ. ಮರ ಉಳಿಸಬೇಕು ಅನ್ನುವವರು ಹಾಳೆಯ ಎರಡೂ ಬದಿ ಬರೆಯಲಿ, ರದ್ದಿಯನ್ನು ಒದ್ದೆ ಕಸಕ್ಕೆ ಹಾಕದೆ ಬೇರೆ ಇಡಲಿ. ಅದರಿಂದ ಇದಕ್ಕಿಂತ ಜಾಸ್ತಿ ಆಗುತ್ತದೆ. ರಾಶಿ ಬಿದ್ದ ಲದ್ದಿಗೆ ಬೆಲೆ ಬರೋದು, ಕೆಲವರ ಕೈಗೆ ಕೆಲಸ ಸಿಗೋದು, ಇವು ನಮ್ಮ ಕಡೆಯಿಂದ ಹೇಳಬಹುದಾದ ಲಾಭ.

ನಾನೂ ಇಂಥದ್ದೊಂದು ಘಟಕ ಹಾಕಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?

ಮಾರುಕಟ್ಟೆಯಿಂದ. ಯಾರು ಕೊಳ್ಳುತ್ತಾರೆ ಅಂತ ಗೊತ್ತಾಗುವ ತನಕ ಬೀಟರ್ ಕೊಳ್ಳಬೇಡಿ. ಕೆಲಸ ಕಲಿಯಲು ಸಾಂಗಾನೇರಿನ ಕುಮಾರಪ್ಪ ಸಂಸ್ಥೆಯಲ್ಲಿ ತರಬೇತಿ ಇದೆ. ಸಾಲಕ್ಕೆ ಪಿಎಂಇಜಿಪಿ, ಅಂದರೆ ಸಣ್ಣ ಘಟಕಗಳಿಗೆ ಸಬ್ಸಿಡಿ ಸಹಿತ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ ನೋಡಿ. ತಯಾರಿಕಾ ಘಟಕಕ್ಕೆ 50 ಲಕ್ಷದ ತನಕದ ಯೋಜನೆಗೆ ಅವಕಾಶ ಇದೆ. ಸಬ್ಸಿಡಿ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25, ಮಹಿಳೆಯರು, ಪರಿಶಿಷ್ಟರು ಮೊದಲಾದ ವಿಶೇಷ ವರ್ಗಕ್ಕೆ ಶೇ. 25 ಮತ್ತು ಶೇ. 35. ಅರ್ಜಿ ಹಾಕುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ನಿಯಮ ಕೇಳಿಕೊಳ್ಳಿ. ಜಾಗ ಹಿಡಿಯುವ ಮುಂಚೆಯೇ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೇಳಿ. ಹಣದ ಯೋಜನೆಯಲ್ಲಿ ನೀರು ಶುದ್ಧಿ ಮಾಡುವ ತೊಟ್ಟಿಗೆ ಮೊದಲ ದಿನದಿಂದಲೇ ಜಾಗ ಇರಲಿ. ಆಮೇಲೆ ಕಟ್ಟೋಣ ಅಂದರೆ ಕಟ್ಟೋದೇ ಇಲ್ಲ.

ಶಾಲೇಲಿ ಮಕ್ಕಳ ಕೈಲಿ ಮಾಡಿಸೋದು ಹೇಗೆ? ಲದ್ದಿ ಕಳಿಸ್ತೀರಾ?

ಹಸಿ ಲದ್ದಿ ಶಾಲೆಗೆ ಕಳಿಸೋದಿಲ್ಲ. ಬೇಯಿಸಿ ತೊಳೆದು ಒಣಗಿಸಿದ ನಾರು ಕೊಡುತ್ತೇವೆ. ಅದು ಇಲ್ಲದಿದ್ದರೂ ನಡೆಯುತ್ತದೆ. ಹಳೆ ನೋಟ್‌ಬುಕ್ ಹಾಳೆ ಹರಿದು ರಾತ್ರಿ ನೆನೆಸಿಡಿ. ಒಣ ಹುಲ್ಲನ್ನು ಸಣ್ಣಗೆ ಕತ್ತರಿಸಿ ದೊಡ್ಡವರು ಬೇರೆಯಾಗಿ ಬೇಯಿಸಲಿ. ಎರಡನ್ನೂ ಹಳೆ ಮಿಕ್ಸಿಯಲ್ಲಿ ರುಬ್ಬಿ. ಆ ಮಿಕ್ಸಿ ಮತ್ತೆ ಅಡುಗೆಗೆ ಬೇಡ. ಫೋಟೋ ಫ್ರೇಮಿಗೆ ಸೊಳ್ಳೆ ಜಾಲರಿ ಬಿಗಿಯಾಗಿ ಹೊಡೆದರೆ ಚೌಕಟ್ಟು ಆಯಿತು. ಜಾಲರಿ ಸಡಿಲ ಇದ್ದರೆ ಹಾಳೆಯ ನಡುಭಾಗ ದಪ್ಪ ಆಗಿ ಜಾಲರಿ ಬಿಟ್ಟು ಬರೋದಿಲ್ಲ, ಅದೊಂದು ನೋಡಿಕೊಳ್ಳಿ. ಹಿಂಡಲು ಎರಡು ಹಲಗೆ ಮತ್ತು ಮೇಲೆ ನಿಲ್ಲಲು ಇಬ್ಬರು ಮಕ್ಕಳು ಸಾಕು. ಉಳಿದ ಪಲ್ಪನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ ಗಿಡದ ಬುಡಕ್ಕೆ ಹಾಕಿ.